ಶಿಫಾರಸಿನಲ್ಲಿ ವಿದ್ಯಾರ್ಥಿ ಕಾಣಲಿ

ಮಾನ್ಯ ಸಂಪಾದಕರೇ,

ಪದವಿ ವಿದ್ಯಾರ್ಥಿಗಳನ್ನು ಉದ್ಯೋಗಕ್ಕೆ ಸಜ್ಜುಗೊಳಿಸಿದ ಅಧ್ಯಾಪಕರಿಗೆ ಕೆಲವು ವಿಶ್ವವಿದ್ಯಾಲಯಗಳು ಪ್ರಶಸ್ತಿ ಕೊಡುತ್ತಿವೆ. ಇದು ಸಂತೋಷದ ವಿಷಯ. ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತಳಾದ ನನ್ನನ್ನು ಅಂಥದೊಂದು ಪ್ರಶಸ್ತಿಯ ಆಯ್ಕೆ ಸಮಿತಿಗೆ ಕರೆದಿದ್ದರು. ಅಲ್ಲಿ ಓದಿದ ನಾಮನಿರ್ದೇಶನಗಳ ಬಗ್ಗೆ ನಾಲ್ಕು ಮಾತು ಹೇಳಲೇಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಹೆಸರೊಂದನ್ನು ಬದಲಿಸಿದರೆ ಯಾರಿಗೆ ಬೇಕಾದರೂ ಒಪ್ಪುವ ಮಾತುಗಳೇ ಬಹುಪಾಲು ಅರ್ಜಿಗಳಲ್ಲಿದ್ದವು: ‘ಸಮರ್ಪಣಾ ಭಾವ’, ‘ಅವಿರತ ಶ್ರಮ’, ‘ದೂರದೃಷ್ಟಿಯ ನಾಯಕತ್ವ’. ಅದರ ಹಿಂದೆ ಉದ್ಯೋಗ ಮೇಳದ ಫೋಟೊಗಳು, ಅತಿಥಿಗಳಿಗೆ ಶಾಲು ಹೊದಿಸುವ ಫೋಟೊಗಳು, ಬಂದಿದ್ದ ಕಂಪನಿಗಳ ಪಟ್ಟಿ. ಎಷ್ಟು ಆಫರ್ ಲೆಟರ್ ಬಂದವು ಎಂಬ ಲೆಕ್ಕವಿತ್ತು. ಎಷ್ಟು ಮಂದಿ ಕೆಲಸಕ್ಕೆ ಸೇರಿದರು, ಸೇರಿದವರಲ್ಲಿ ಎಷ್ಟು ಮಂದಿ ಉಳಿದರು ಎಂಬುದು ಇರಲಿಲ್ಲ. ಎರಡು ಕಂಪನಿಗಳಿಗೆ ಆಯ್ಕೆಯಾದ ಒಬ್ಬನೇ ಹುಡುಗ ಎರಡು ಸಲ ಎಣಿಕೆಗೆ ಬಂದಿದ್ದ. ಎಷ್ಟು ಮಂದಿಗೆ ಕೆಲಸ ಸಿಕ್ಕಿತೆಂದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಕೇಳುತ್ತದೆ, ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಎನ್‌ಐಆರ್‌ಎಫ್ ಅದರ ಜೊತೆಗೆ ಮೀಡಿಯನ್ ಸಂಬಳವನ್ನೂ (ಸಂಬಳಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದನ್ನು) ಕೇಳುತ್ತದೆ. ಅದಕ್ಕೆಂದು ಸಿದ್ಧಪಡಿಸಿದ ತಖ್ತೆಯನ್ನೇ ತಂದು ಇಲ್ಲಿಯೂ ಲಗತ್ತಿಸಿದರೆ, ಆ ಅಧ್ಯಾಪಕರು ಮಾಡಿದ್ದೇನು ಎಂಬುದು ಸಮಿತಿಗೆ ತಿಳಿಯುವುದಾದರೂ ಹೇಗೆ?

ಅವುಗಳ ನಡುವೆ ಒಂದೂವರೆ ಪುಟದ ಒಂದು ಅರ್ಜಿ ಇತ್ತು. ತಾಲ್ಲೂಕು ಕೇಂದ್ರದ ಕಾಲೇಜಿನ ಪ್ರಾಂಶುಪಾಲರು ತಮ್ಮಲ್ಲಿದ್ದ ಅತಿಥಿ ಉಪನ್ಯಾಸಕಿಯೊಬ್ಬರ ಬಗ್ಗೆ ಬರೆದದ್ದು. ಫೋಟೊ ಒಂದೂ ಇರಲಿಲ್ಲ. ಆ ಉಪನ್ಯಾಸಕಿ ಬಿ.ಕಾಂ. ವಿದ್ಯಾರ್ಥಿಗಳನ್ನು ಊರಿನ ತೆರಿಗೆ ಸಲಹೆಗಾರರ ಕಚೇರಿಗೆ ಕಳಿಸಿ, ಜಿಎಸ್‌ಟಿ ಕೆಲಸವನ್ನು ನಿಜವಾದ ಬಿಲ್ಲುಗಳ ಮೇಲೆ ಕಲಿಸಿದ್ದರು. ತರಗತಿಯಲ್ಲಿ ಮಕ್ಕಳು ಸೆಕ್ಷನ್‌ಗಳನ್ನು ಬಾಯಿಪಾಠ ಮಾಡುತ್ತಾರೆ. ಆದರೆ ತಿಂಗಳಿಗೊಮ್ಮೆ ವಿವರ ಸಲ್ಲಿಸುವ ವ್ಯಾಪಾರಿಯ ಮಾರಾಟದ ವಿವರ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ರೊಳಗೆ, ತೆರಿಗೆ ಕಟ್ಟುವ ಸಾರಾಂಶದ ರಿಟರ್ನ್ 3ಬಿ 20ರೊಳಗೆ ಹೋಗಬೇಕು ಎಂಬ ಗಡಿಬಿಡಿ ಏನೆಂದು ಅಂಥ ಕಚೇರಿಯಲ್ಲಿ ಕುಳಿತಾಗಲೇ ಗೊತ್ತಾಗುವುದು. ಒಬ್ಬ ವಿದ್ಯಾರ್ಥಿನಿ ಹಾರ್ಡ್‌ವೇರ್ ಅಂಗಡಿಯೊಂದರ ಖರೀದಿ ಬಿಲ್ಲುಗಳನ್ನು, ಮಾರಿದವರು ಸಲ್ಲಿಸಿದ ವಿವರಗಳಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ತಯಾರಾಗುವ 2ಬಿ ಪಟ್ಟಿಯ ಜೊತೆ ತಾಳೆ ನೋಡುವಾಗ ಒಂದು ಬಿಲ್ಲು ಅಲ್ಲಿ ಬಂದೇ ಇಲ್ಲವೆಂದು ಕಂಡುಹಿಡಿದಳು. ಮಾರಿದವರು ಅದನ್ನು ತಮ್ಮ ವಿವರದಲ್ಲಿ ಸೇರಿಸದಿದ್ದರೆ ಕೊಂಡವರಿಗೆ ಆ ತೆರಿಗೆಯ ಕ್ರೆಡಿಟ್, ಅಂದರೆ ಅದನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಅವಳೇ ಫೋನ್ ಮಾಡಿ, ಬಿಲ್ಲಿನ ಸಂಖ್ಯೆ ಹೇಳಿ, ಅದನ್ನು ಸೇರಿಸುವಂತೆ ಮಾಡಿದಳು. ಅರ್ಜಿಯ ಜೊತೆ ತೆರಿಗೆ ಸಲಹೆಗಾರರ ಕೈಬರಹದ ಚೀಟಿಯೊಂದಿತ್ತು: ಈಗ ತಾಳೆ ನೋಡುವ ಕೆಲಸವನ್ನು ಈ ಹುಡುಗಿಗೆ ಒಪ್ಪಿಸಿ ನಿಶ್ಚಿಂತೆಯಿಂದ ಇರುತ್ತೇನೆ ಎಂದು. ಶನಿವಾರ ಸಂಜೆಯ ತರಬೇತಿಗೆ ನಿಂತರೆ ಹೆಣ್ಣುಮಕ್ಕಳಿಗೆ ಊರಿನ ಕೊನೆಯ ಬಸ್ ತಪ್ಪುತ್ತಿತ್ತು, ಕೆಲವರು ಬಿಟ್ಟೂ ಹೋದರು, ಆಮೇಲೆ ಸಮಯವನ್ನು ಮಧ್ಯಾಹ್ನಕ್ಕೆ ತಂದರು ಎಂಬುದನ್ನೂ ಪ್ರಾಂಶುಪಾಲರು ಮುಚ್ಚಿಡದೆ ಬರೆದಿದ್ದರು. ಅದನ್ನು ಓದಿದ ಮೇಲೆ ಉಳಿದ ಮಾತುಗಳ ಮೇಲೂ ನನಗೆ ನಂಬಿಕೆ ಹುಟ್ಟಿತು.

ಸಂದರ್ಶನಕ್ಕೆ ಹೊರಟ ಮಕ್ಕಳಿಗೆ ನಾವು ಹೇಳಿಕೊಡುವುದೂ ಇದನ್ನೇ. ‘ನಾನು ಶ್ರಮಜೀವಿ’ ಎನ್ನಬೇಡ. ಎಂಥ ಸಂದರ್ಭ ಬಂತು, ನಿನ್ನ ಪಾಲಿಗೆ ಬಂದ ಹೊಣೆ ಯಾವುದು, ಏನು ಮಾಡಿದೆ, ಏನಾಯಿತು, ಅದನ್ನು ಹೇಳು ಎನ್ನುತ್ತೇವೆ. ಸಹೋದ್ಯೋಗಿಯ ಪರವಾಗಿ ಬರೆಯುವಾಗಲೂ ಇದೇ ಕ್ರಮ ಸಾಕು. ಮೊದಲು ವಿದ್ಯಾರ್ಥಿಗಳಿಗೆ ಏನು ಬರುತ್ತಿರಲಿಲ್ಲ, ಈಗ ಏನು ಬರುತ್ತದೆ, ಅದಕ್ಕೆ ಸಾಕ್ಷಿ ಯಾರು ಎಂಬುದು ಇರಲಿ. ವಿದ್ಯಾರ್ಥಿಯ ಹೆಸರು ಹಾಕುವುದಾದರೆ ಅವರನ್ನು ಕೇಳಿಯೇ ಹಾಕಬೇಕು.

ಯಾವಾಗ ಲೆಕ್ಕ ಹಾಕಬೇಕು ಎಂಬುದೂ ಮುಖ್ಯ. ಮೇಳ ಮುಗಿದ ಸಂಜೆಯ ಸಂಖ್ಯೆಗೆ ಹೆಚ್ಚು ಬೆಲೆಯಿಲ್ಲ. ನಮ್ಮ ಯುವನಿಧಿ ಯೋಜನೆಯೇ ಪದವಿ ಮುಗಿದು 180 ದಿನ ಕಳೆದರೂ ಕೆಲಸ ಸಿಗದವರನ್ನು ಗುರುತಿಸಿ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಬ್ರಿಟನ್ನಿನಲ್ಲಿ ಪದವೀಧರರ ಸಮೀಕ್ಷೆ ನಡೆಯುವುದು ಓದು ಮುಗಿದ ಸುಮಾರು 15 ತಿಂಗಳ ನಂತರ. ಹಿಂದಿನ ವರ್ಷ ಹೊರಹೋದ ಮಕ್ಕಳಿಗೆ ಫೋನ್ ಮಾಡಿ ಕೇಳುವುದು ಯಾವ ಕಾಲೇಜಿಗೂ ಆಗದ ಕೆಲಸವಲ್ಲ. ಬೆಂಗಳೂರಿಗೆ ಕಳಿಸಲು ಮನೆಯಲ್ಲಿ ಒಪ್ಪಲಿಲ್ಲ, ಬಾಡಿಗೆ ಕಟ್ಟಿದರೆ ಸಂಬಳದಲ್ಲಿ ಏನೂ ಉಳಿಯಲಿಲ್ಲ ಎಂದು ಅವರು ಹೇಳಿದರೆ ಅದನ್ನೂ ಬರೆಯಲಿ. ಉದ್ಯೋಗ ಕೋಶಕ್ಕೆ ಮುಂದಿನ ವರ್ಷ ಊರಿನ ಹತ್ತಿರದ ಕೆಲಸ ಹುಡುಕಬೇಕೆಂದು ತಿಳಿಯುವುದು ಇಂಥ ಮಾತುಗಳಿಂದಲೇ.

ನನಗೆ ತುಂಬ ನೋವು ತಂದದ್ದು ಇನ್ನೊಂದು ಸಂಗತಿ. ಅತಿಥಿ ಉಪನ್ಯಾಸಕರ ಪರವಾಗಿ ಬಂದದ್ದು ಆ ಒಂದೇ ಅರ್ಜಿ. ಎಷ್ಟೋ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಅವರ ಮೇಲಿದೆ. ಮಕ್ಕಳ ಬಯೋಡೇಟಾ ತಿದ್ದುವವರು, ಇಂಟರ್ನ್‌ಶಿಪ್‌ಗಾಗಿ ಅಂಗಡಿ, ಬ್ಯಾಂಕು, ಕಚೇರಿಗಳನ್ನು ಅಲೆಯುವವರು ಬಹಳ ಸಲ ಅವರೇ. ಹೆಸರು ಕಳಿಸುವ ಹೊತ್ತಿಗೆ ಮಾತ್ರ ವಿಭಾಗದ ಮುಖ್ಯಸ್ಥರ ಹೆಸರು ಹೋಗುತ್ತದೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಆತಂಕದಲ್ಲಿರುವವರು ತಮ್ಮ ಹೆಸರನ್ನು ತಾವೇ ಸೂಚಿಸಿಕೊಳ್ಳುವರೇ?

ಪ್ರಶಸ್ತಿ ಕೊಡುವ ವಿಶ್ವವಿದ್ಯಾಲಯಗಳಲ್ಲಿ ನನ್ನ ವಿನಂತಿ ಇಷ್ಟೆ. ಅರ್ಜಿಯನ್ನು ಎರಡು ಪುಟಕ್ಕೆ ಮಿತಿಗೊಳಿಸಿ, ಫೋಟೊ ಬೇಡವೆನ್ನಿ. ಹಳೆಯ ವಿದ್ಯಾರ್ಥಿಯ ಒಂದು ಪತ್ರ, ಕೆಲಸ ಕೊಟ್ಟವರ ಒಂದು ಪತ್ರ ಕಡ್ಡಾಯವಾಗಲಿ. ಅದು ಕನ್ನಡದಲ್ಲಿದ್ದರೂ ಸ್ವೀಕರಿಸಿ. ವಾರದೊಳಗೆ ಕಳಿಸಿ ಎಂದು ಅವಸರ ಮಾಡದೆ ಒಂದು ತಿಂಗಳಾದರೂ ಸಮಯ ಕೊಡಿ. ಅತಿಥಿ ಉಪನ್ಯಾಸಕರ ಹೆಸರನ್ನೂ ಸೂಚಿಸಬಹುದು, ವಿದ್ಯಾರ್ಥಿಗಳೇ ನೇರವಾಗಿ ಸೂಚಿಸಬಹುದು ಎಂಬುದನ್ನು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆದು, ಆ ಸುತ್ತೋಲೆಯನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಿಸಿ.

— ನಿವೃತ್ತ ವಾಣಿಜ್ಯಶಾಸ್ತ್ರ ಪ್ರಾಧ್ಯಾಪಕಿ, ಹಾಸನ