ಪೂರೈಕೆದಾರ ಕಾರ್ಖಾನೆಯ ತುರ್ತು ಬಾಗಿಲು ಮತ್ತು ಬಾಕಿ ಓಟಿ (ಹೆಚ್ಚುವರಿ ದುಡಿಮೆ) ಹಣದ ಬಗ್ಗೆ ದೂರು

ಇವರಿಗೆ,
ನಿರ್ದೇಶಕ ಮಂಡಳಿ ಹಾಗೂ ಖರೀದಿ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ತಮ್ಮ ಬ್ರ್ಯಾಂಡಿಗೆ ಉಡುಪು ಹೊಲಿದುಕೊಡುವ ಕಾರ್ಖಾನೆಯೊಂದರ ಚೆಕ್ಕಿಂಗ್ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಇಲ್ಲಿನ ಪರಿಸ್ಥಿತಿಯ ಬಗ್ಗೆ ನಾವು ಕೆಲವರು ಸೇರಿ ಬರೆದಿದ್ದ ಪತ್ರಕ್ಕೆ, ಕಾರ್ಖಾನೆಯು ಸ್ವತಂತ್ರ ಸಂಸ್ಥೆಯೆಂದೂ ಕಳೆದ ಆಡಿಟ್‌ನಲ್ಲಿ ಯಾವ ಲೋಪವೂ ಕಂಡುಬಂದಿಲ್ಲವೆಂದೂ ತಮ್ಮ ಕಚೇರಿ ಉತ್ತರಿಸಿದೆ. ಈ ಉತ್ತರವನ್ನು ನಾವು ಒಪ್ಪುವುದಿಲ್ಲ.

ಆಡಿಟ್ ಯಾವತ್ತು ಎಂಬುದು ಇಲ್ಲಿನ ಆಡಳಿತಕ್ಕೆ ಮೊದಲೇ ಗೊತ್ತಿರುತ್ತದೆ. ಹಿಂದಿನ ಸಂಜೆಯೇ ಫಿನಿಶಿಂಗ್ ವಿಭಾಗದ ತುರ್ತು ಬಾಗಿಲಿಗೆ ಅಡ್ಡ ಪೇರಿಸಿದ ಕಾರ್ಟನ್‌ಗಳನ್ನು ಸರಿಸಿ ಬೀಗ ತೆಗೆಯುತ್ತಾರೆ, ಕಟಿಂಗ್‌ನವರಿಗೆ ಉಕ್ಕಿನ ಕೈಗವಸು ಹಂಚುತ್ತಾರೆ. ಆಡಿಟರ್ ಹೊರಟ ಮೇಲೆ ಕೈಗವಸುಗಳನ್ನು ಎಣಿಸಿ ವಾಪಸು ಪಡೆಯುತ್ತಾರೆ, ಬಾಗಿಲಿಗೆ ಮತ್ತೆ ಬೀಗ ಬೀಳುತ್ತದೆ. ಆಡಿಟರ್ ಯಾರನ್ನು ಮಾತನಾಡಿಸಬೇಕೆಂದು ಆರಿಸುವವರು ಸೂಪರ್‌ವೈಸರ್. ಹೀಗೆ ಸಿದ್ಧವಾದ ವರದಿಯನ್ನು ನಂಬಿ ಕೂರುವುದು ಎಷ್ಟು ಅಪಾಯಕಾರಿ ಎಂಬುದು ತಮಗೆ ತಿಳಿಯದ್ದಲ್ಲ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು, ಹೊರಬರಲು ದಾರಿಯಿಲ್ಲದೆ 250ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಅದಕ್ಕೆ ಕೆಲವೇ ವಾರಗಳ ಮುಂಚೆ ಆ ಕಾರ್ಖಾನೆಗೆ, ಕೆಲಸದ ಪರಿಸ್ಥಿತಿ ಸರಿಯಿದೆ ಎಂದು ದೃಢೀಕರಿಸುವ ಎಸ್‌ಎ 8000 ಪ್ರಮಾಣಪತ್ರ ದೊರೆತಿತ್ತು.

ಇನ್ನು ಓಟಿ ವಿಚಾರ. ಆರ್ಡರ್ ಖಚಿತವಾದ ಮೇಲೂ ತಮ್ಮ ಖರೀದಿ ವಿಭಾಗವು ಬಟನ್, ಲೇಬಲ್, ಕೆಲವೊಮ್ಮೆ ಬಣ್ಣವನ್ನೇ ಬದಲಿಸುತ್ತದೆ, ಆದರೆ ಶಿಪ್‌ಮೆಂಟ್ ದಿನಾಂಕವನ್ನು ಮಾತ್ರ ಮುಂದಕ್ಕೆ ಹಾಕುವುದಿಲ್ಲ. ಕಳೆದುಹೋದ ಆ ದಿನಗಳನ್ನು ತುಂಬಿಸಲು ನಾವು ರಾತ್ರಿಯವರೆಗೆ ದುಡಿಯುತ್ತೇವೆ. ಆ ಗಂಟೆಗಳು ಲೈನ್ ಸೂಪರ್‌ವೈಸರ್ ಇಟ್ಟುಕೊಂಡಿರುವ ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ದಾಖಲಾಗುತ್ತವೆಯೇ ಹೊರತು ಸಂಬಳದ ಚೀಟಿಯಲ್ಲಿ ಕಾಣಿಸುವುದಿಲ್ಲ. ಕಾರ್ಖಾನೆಯ ತಪ್ಪನ್ನು ನಾನು ಚಿಕ್ಕದು ಮಾಡುತ್ತಿಲ್ಲ, ಆದರೆ ಈ ಒತ್ತಡ ಹುಟ್ಟುವುದು ತಮ್ಮ ಕಚೇರಿಯಲ್ಲಿ. ಕಂಪನಿಯೊಂದು ತಾನು ನೇರವಾಗಿ ಮಾಡಿದ ಹಾನಿಗಷ್ಟೇ ಅಲ್ಲ, ತನ್ನ ವ್ಯವಹಾರ ಸಂಬಂಧಗಳ ಮೂಲಕ ತನ್ನ ಸರಕಿಗೆ ತಳಕು ಹಾಕಿಕೊಂಡ ಹಾನಿಯನ್ನು ತಡೆಯಲೂ ಪ್ರಯತ್ನಿಸಬೇಕೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2011ರಲ್ಲಿ ಅನುಮೋದಿಸಿದ ಮಾರ್ಗದರ್ಶಿ ತತ್ವಗಳು ಹೇಳುತ್ತವೆ. ಸ್ವತಂತ್ರ ಪೂರೈಕೆದಾರ ಎಂಬ ಮಾತಿಗೆ ಅಲ್ಲಿ ವಿನಾಯಿತಿಯಿಲ್ಲ.

ದೂರು ಪೆಟ್ಟಿಗೆ ಇದೆಯಲ್ಲ ಎಂದು ತಾವು ಕೇಳಬಹುದು. ಅದು ಎಚ್‌ಆರ್ ಕೋಣೆಯ ಬಾಗಿಲಲ್ಲೇ, ಕ್ಯಾಮೆರಾದ ಕೆಳಗೆ ಇದೆ.

ತುರ್ತು ಬಾಗಿಲಿನ ಬೀಗವನ್ನು ಇಂದೇ ತೆಗೆಸಬೇಕು, ಅದಕ್ಕೆ ತಮ್ಮ ಒಂದು ಫೋನ್ ಕರೆ ಸಾಕು. ಮುಂದಿನ ತಪಾಸಣೆಗೆ ಮುನ್ಸೂಚನೆ ಕೊಡದೆ ಬಂದು, ನಾವೇ ಆರಿಸಿದ ಪ್ರತಿನಿಧಿಗಳನ್ನು ಕಾರ್ಖಾನೆಯ ಹೊರಗೆ ಭೇಟಿಯಾಗಬೇಕು. ಆ ನೋಟ್‌ಬುಕ್ಕನ್ನು ತರಿಸಿಕೊಂಡು, ಬಾಕಿಯಿರುವ ಓಟಿ ಹಣವನ್ನು ಲೆಕ್ಕಹಾಕಿ ಕೊಡಿಸಬೇಕು. ಈ ಪತ್ರದ ನೆಪದಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆದರೆ ಅದರ ಹೊಣೆ ತಮ್ಮದೂ ಆಗುತ್ತದೆ. ದೂರು ಬಂತೆಂದು ಆರ್ಡರನ್ನೇ ಬೇರೆಡೆಗೆ ಒಯ್ದರೆ ಶಿಕ್ಷೆಯಾಗುವುದು ನಮಗೆ, ಆದ್ದರಿಂದ ದಯವಿಟ್ಟು ಹಾಗೆ ಮಾಡದೆ, ಇಲ್ಲೇ ಇದ್ದು ಸರಿಪಡಿಸಬೇಕೆಂದು ಕೋರುತ್ತೇನೆ. ತಮ್ಮ ಲಿಖಿತ ಉತ್ತರವನ್ನು ಕಾರ್ಖಾನೆಯ ಆಡಳಿತದ ಮೂಲಕ ಕಳುಹಿಸದೆ, ಈ ಪತ್ರ ತಲುಪಿಸಿದ ಕಾರ್ಮಿಕ ಸಂಘದ ವಿಳಾಸಕ್ಕೇ ಕಳುಹಿಸಬೇಕಾಗಿ ವಿನಂತಿ.

ಇಂತಿ,
ಚೆಕ್ಕಿಂಗ್ ವಿಭಾಗದ ಕಾರ್ಮಿಕರೊಬ್ಬರು
(ಸುರಕ್ಷತೆಯ ದೃಷ್ಟಿಯಿಂದ ಹೆಸರು ನಮೂದಿಸಿಲ್ಲ)