ಮೈಕ್ರೋವೇವಿನ ಹಬೆ ಮತ್ತು ಹಿತ್ತಲಿನ ಬಾಳೆಲೆ: ಶಿರಸಿಯ ಮನೆಗೆ ಒಂದು ಪತ್ರ

ಲೈಪ್‌ಜಿಗ್, ಜರ್ಮನಿ

ತೀರ್ಥರೂಪ ಅಪ್ಪಯ್ಯನವರಿಗೂ ಮಾತೃಶ್ರೀ ಆಯಿಯವರಿಗೂ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಅತ್ತಿಗೆ ಬರೆದ ಕಾಗದದಿಂದ ನಿಮ್ಮೆಲ್ಲರ ಕ್ಷೇಮ ತಿಳಿದು ಸಂತೋಷವಾಯಿತು.

ಅಣ್ಣ ತಂದಿಟ್ಟ ಮೈಕ್ರೋವೇವಿನಲ್ಲಿ ಹಾಲು ಬಿಸಿ ಮಾಡುವುದನ್ನು ಬಿಟ್ಟರೆ ಬೇರೇನೂ ನಡೆಯುತ್ತಿಲ್ಲವೆಂದೂ, ಅಪ್ಪಯ್ಯನಿಗೆ ದಿನವೂ ಎಣ್ಣೆಯಿಲ್ಲದ ಬೇಯಿಸಿದ ತರಕಾರಿ ಬೇಕಾಗಿರುವುದರಿಂದ ಅದನ್ನು ಅದರಲ್ಲಿಯೇ ಬೇಯಿಸಿಕೊಳ್ಳಬಹುದೇ ಎಂದೂ ಆಯಿ ಅತ್ತಿಗೆಯ ಕೈಯಿಂದ ಬರೆಸಿದ್ದೀರಿ. ಅದಕ್ಕೆಂದೇ ಜಾಲರಿಯಿರುವ ಪ್ಲಾಸ್ಟಿಕ್ ಡಬ್ಬಿ ಬೇಕು, ಮೇಲೆ ಮುಚ್ಚಲು ಅಂಟಿಕೊಳ್ಳುವ ತೆಳು ಪ್ಲಾಸ್ಟಿಕ್ ಹಾಳೆಯ ಸುರುಳಿ ಬೇಕು ಎಂದು ಅಂಗಡಿಯವರು ಹೇಳಿದರಂತೆ. ಎರಡನ್ನೂ ಕೊಳ್ಳಬೇಡಿ. ಬೇಕಾದುದೆಲ್ಲ ನಮ್ಮ ಅಡುಗೆಮನೆಯ ಕಪಾಟಿನಲ್ಲಿಯೂ ಹಿತ್ತಲಿನಲ್ಲಿಯೂ ಆಗಲೇ ಇದೆ.

ಮೊದಲು, ಮೈಕ್ರೋವೇವಿನ ವಿಕಿರಣ ಆಹಾರದಲ್ಲಿ ಉಳಿಯುವುದೇ ಎಂಬ ಅಪ್ಪಯ್ಯನ ಶಂಕೆಗೆ ಉತ್ತರ ಬರೆಯುತ್ತೇನೆ. ಕೈಗಾ ಅಣುಸ್ಥಾವರದ ಸುದ್ದಿ ಕೇಳುತ್ತ ಬೆಳೆದ ನಮ್ಮ ಜಿಲ್ಲೆಯವರಿಗೆ ವಿಕಿರಣ ಎಂಬ ಮಾತು ಕಿವಿಗೆ ಬಿದ್ದರೆ ಅಳುಕಾಗುವುದು ಸಹಜವೇ. ಆದರೆ ಈ ಪೆಟ್ಟಿಗೆಯೊಳಗೆ ಇರುವುದು ಅಣುವಿಕಿರಣವಲ್ಲ; ಸುಮಾರು 2,450 ಮೆಗಾಹರ್ಟ್ಸ್ ಕಂಪನಾಂಕದ ರೇಡಿಯೋ ಅಲೆ. ಇಂಥ ಅಲೆ ಹುಟ್ಟಿಸಲು ರೇಡಾರಿಗಾಗಿ ತಯಾರಿಸುತ್ತಿದ್ದ ಮ್ಯಾಗ್ನೆಟ್ರಾನ್ ಕೊಳವೆಯಿಂದಲೇ ಆಹಾರವನ್ನೂ ಬೇಯಿಸಬಹುದೆಂದು ಕಂಡುಕೊಂಡು ಅಮೆರಿಕದ ಪರ್ಸಿ ಸ್ಪೆನ್ಸರ್ 1945ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಆ ಅಲೆಗೆ ಸಿಕ್ಕಿದ ನೀರಿನ ಅಣುಗಳು ಅತ್ತಿತ್ತ ಹೊರಳಾಡಿ ಬಿಸಿಯಾಗುತ್ತವೆ. ಬಾಗಿಲು ತೆರೆದ ಕ್ಷಣವೇ ಅಲೆ ನಿಲ್ಲುತ್ತದೆ; ಬೆಂದ ತರಕಾರಿಯಲ್ಲಿ ಅದರ ಯಾವ ಶೇಷವೂ ಉಳಿಯುವುದಿಲ್ಲ.

ತರಕಾರಿಯ ಬಹುಪಾಲು ನೀರೇ ಆಗಿರುವುದರಿಂದ ಹಬೆಯನ್ನು ಹೊರಗಿನಿಂದ ಕೊಡಬೇಕಾಗಿಲ್ಲ, ಹೋಳುಗಳೇ ಅದನ್ನು ಹುಟ್ಟಿಸಿಕೊಳ್ಳುತ್ತವೆ. ನಾವು ಮಾಡಬೇಕಾದುದು ಆ ಹಬೆ ತಪ್ಪಿಸಿಕೊಳ್ಳದಂತೆ ಮೇಲೊಂದು ಮುಚ್ಚಳ ಇಡುವುದು ಮಾತ್ರ. ಇಡ್ಲಿ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು ಕುದಿಸಿದ ಮೇಲೆ ತರಕಾರಿಗೆ ಸಿಗುವ ಹಬೆ ಇಲ್ಲಿ ಎರಡು ಮೂರು ಚಮಚ ನೀರಿನಲ್ಲಿ ಸಿಗುತ್ತದೆ. ನೀರಿನಲ್ಲಿ ಕರಗುವ ಸಿ ಜೀವಸತ್ವವೂ ಬಿ ಗುಂಪಿನ ಕೆಲವು ಜೀವಸತ್ವಗಳೂ ಬೇಯಿಸಿ ಬಸಿದ ನೀರಿನೊಡನೆ ಬಚ್ಚಲಿಗೆ ಹೋಗುವುದು ಇದರಿಂದ ತಪ್ಪುತ್ತದೆ. ಬಟ್ಟಲಿನ ತಳದಲ್ಲಿ ಉಳಿದ ಸ್ವಲ್ಪ ನೀರನ್ನೂ ಚೆಲ್ಲದೆ ಸಾರಿಗೋ ತಂಬುಳಿಗೋ ಸೇರಿಸಿಕೊಳ್ಳಿ.

ಇನ್ನು ಪಾತ್ರೆಯ ವಿಷಯ. ಸ್ಟೀಲ್, ತಾಮ್ರ, ಹಿತ್ತಾಳೆ ಇವು ಬೇಡವೆಂಬುದು ನಿಮಗೆ ಗೊತ್ತಿದೆ. ಲೋಹ ಅಲೆಯನ್ನು ಹಿಂದಕ್ಕೆ ಎಸೆಯುತ್ತದೆ, ಚೂಪಾದ ಅಂಚಿದ್ದರೆ ಕಿಡಿಯೂ ಹಾರುತ್ತದೆ. ಪ್ಲಾಸ್ಟಿಕ್‌ನಂತೆಯೇ ಕಾಣುವ ಗಟ್ಟಿ ಮೆಲಮೈನ್ ತಟ್ಟೆಗಳೂ ಬೇಡ. ಬಿಸಿ ತಡೆಯುವ ದಪ್ಪ ಬೋರೋಸಿಲಿಕೇಟ್ ಗಾಜಿನ ಬಟ್ಟಲು ಎಲ್ಲಕ್ಕಿಂತ ಒಳ್ಳೆಯದು. ಅದಿಲ್ಲದಿದ್ದರೆ ಅಂಚಿನಲ್ಲಿ ಬಂಗಾರದ ಗೆರೆ ಇಲ್ಲದ ಪಿಂಗಾಣಿ ಬಟ್ಟಲು ಸಾಕು. ಮನೆಯಲ್ಲಿರುವ ಹಳೆಯ ಪಿಂಗಾಣಿ ತಡೆಯುತ್ತದೆಯೋ ಇಲ್ಲವೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಖಾಲಿ ಬಟ್ಟಲನ್ನು ಒಳಗಿಟ್ಟು, ಅದರ ಪಕ್ಕದಲ್ಲಿ ಒಂದು ಗಾಜಿನ ಲೋಟದಲ್ಲಿ ನೀರು ತುಂಬಿಟ್ಟು, ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ಬಟ್ಟಲು ತಣ್ಣಗಿದ್ದರೆ ಅದು ಯೋಗ್ಯ. ಬಟ್ಟಲೇ ಕಾದು ನೀರು ಹಾಗೆಯೇ ಇದ್ದರೆ ಅದನ್ನು ಉಪ್ಪಿನಕಾಯಿ ಬಡಿಸುವುದಕ್ಕೆ ಇಟ್ಟುಕೊಳ್ಳಿ. ನೀರಿನ ಲೋಟವಿಲ್ಲದೆ ಖಾಲಿ ಒಲೆಯನ್ನು ಮಾತ್ರ ಎಂದೂ ಓಡಿಸಬಾರದು.

ಮುಚ್ಚಳದ ವಿಷಯದಲ್ಲಿಯೇ ಜನ ಪ್ಲಾಸ್ಟಿಕ್ಕಿಗೆ ಮಾರುಹೋಗುವುದು. ಇಲ್ಲಿನ ಅಂಗಡಿಗಳಲ್ಲಿ ಹೆಚ್ಚಿದ ತರಕಾರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಚೀಲದ ಸಮೇತ ಮೈಕ್ರೋವೇವಿನಲ್ಲಿಟ್ಟು ಬೇಯಿಸಿರಿ ಎಂದು ಬರೆದು ಮಾರುತ್ತಾರೆ. ಐದು ನಿಮಿಷದ ಕೆಲಸ ಮುಗಿಸಿ ಆ ಚೀಲ ನೇರವಾಗಿ ಪ್ಲಾಸ್ಟಿಕ್ ಹೊದಿಕೆಗಳಿಗೆಂದಿರುವ ಹಳದಿ ಕಸದ ಡಬ್ಬಿಗೆ ಹೋಗುತ್ತದೆ. ತ್ಯಾಜ್ಯವನ್ನು ಇಷ್ಟು ಶ್ರದ್ಧೆಯಿಂದ ಬೇರ್ಪಡಿಸುವ ದೇಶದಲ್ಲಿ ತ್ಯಾಜ್ಯವನ್ನೇ ಅನುಕೂಲವೆಂದು ಮಾರುವುದು ನನಗೆ ಇಂದಿಗೂ ವಿಚಿತ್ರವಾಗಿ ತೋರುತ್ತದೆ. ಪ್ಲಾಸ್ಟಿಕ್ ಮೇಲೆ ‘ಮೈಕ್ರೋವೇವಿಗೆ ಸುರಕ್ಷಿತ’ ಎಂದು ಅಚ್ಚಾಗಿದ್ದರೆ ಅದು ಕರಗದು, ಸೊಟ್ಟಗಾಗದು ಎಂದು ಮುಖ್ಯವಾಗಿ ತಿಳಿಯಬೇಕೇ ಹೊರತು ಕಾದಾಗ ಅದರಿಂದ ಆಹಾರಕ್ಕೆ ಏನೂ ಇಳಿಯದು ಎಂದಲ್ಲ. ಗಟ್ಟಿ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬಳಸುತ್ತಿದ್ದ ಬಿಸ್ಫಿನಾಲ್-ಎ ಎಂಬ ರಾಸಾಯನಿಕವನ್ನು ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಬಳಸಕೂಡದೆಂದು ಯುರೋಪಿನ ಒಕ್ಕೂಟ 2024ರ ಡಿಸೆಂಬರಿನಲ್ಲಿ ತೀರ್ಮಾನಿಸಿತು. ಅಂಗಡಿಯವರು ಹೇಳಿದ ಆ ತೆಳು ಹಾಳೆಯಂತೂ ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿಯೇ ಇತ್ತು ಎಂಬುದನ್ನು ಅಣ್ಣ ಅವರಿಗೆ ನೆನಪಿಸಲಿ.

ಬಟ್ಟಲಿಗಿಂತ ತುಸು ದೊಡ್ಡದಾದ ಪಿಂಗಾಣಿ ತಟ್ಟೆಯನ್ನು ಬೋರಲು ಹಾಕಿದರೆ ಅದೇ ಮುಚ್ಚಳ. ಅದು ಬಿಗಿಯಾಗಿ ಕೂರಬಾರದು, ಹೆಚ್ಚಿನ ಹಬೆ ಹೊರಗೆ ಹೋಗಲು ಸಣ್ಣ ಸಂದಿ ಇರಬೇಕು. ನಾನು ದಿನವೂ ಹೀಗೆಯೇ ಮಾಡುತ್ತೇನೆ. ತಟ್ಟೆ ಹೊಂದದಿದ್ದಾಗ ಅಪ್ಪಯ್ಯನ ಹಳೆಯ ಹತ್ತಿ ಪಂಚೆಯ ಶುಭ್ರವಾದ ತುಂಡನ್ನು ನೀರಿನಲ್ಲಿ ಅದ್ದಿ, ಹಿಂಡಿ, ಎರಡು ಮಡಿಕೆ ಮಾಡಿ ಹೊದಿಸಬಹುದು. ಬಟ್ಟೆ ಒದ್ದೆಯಾಗಿಯೇ ಇರಬೇಕು, ಮತ್ತು ಜರಿಯ ಅಂಚಿನ ಭಾಗ ಖಂಡಿತ ಬೇಡ, ಜರಿಯೂ ಲೋಹವೇ. ಹಳೆಯ ಪತ್ರಿಕೆಯ ಹಾಳೆಯನ್ನು ಮುಚ್ಚಬೇಡಿ, ಅದು ಹೊತ್ತಿಕೊಳ್ಳುವ ಅಪಾಯವಿದೆ. ಇವೆಲ್ಲಕ್ಕಿಂತ ಚೆನ್ನಾದದ್ದು, ಇಲ್ಲಿ ನನಗೆ ಸಿಗದೆ ನಿಮಗೆ ಮಾತ್ರ ಸಿಗುವುದು, ಬಾಳೆಲೆ. ಬಾಡಿಸಿದ ಎಲೆಯ ತುಂಡನ್ನು ತರಕಾರಿಯ ಮೇಲೆ ನೇರವಾಗಿ ಹೊದಿಸಿ ಅದರ ಮೇಲೆ ತಟ್ಟೆಯಿಡಿ. ನಾಗಪಂಚಮಿಯ ಕಡುಬಿಗೆಂದು ತಂದ ಅರಿಶಿನ ಎಲೆ ಉಳಿದಿದ್ದರೆ ಸಿಹಿಗುಂಬಳದ ಹೋಳುಗಳ ಕೆಳಗೆ ಅದನ್ನು ಹಾಸಿ ನೋಡಿ. ಕೆಲಸ ಮುಗಿದ ಎಲೆ ಕೊಟ್ಟಿಗೆಯಲ್ಲಿ ಖರ್ಚಾಗುತ್ತದೆ, ತೊಳೆಯುವ ಕೆಲಸವೂ ಇಲ್ಲ.

ಎಲೆ ಆಗುವುದಾದರೆ ಅಡಿಕೆಯ ಹಾಳೆ ಬಟ್ಟಲೂ ಆಗಬಹುದಲ್ಲ ಎಂದು ಅಣ್ಣ ಕೇಳಬಹುದು. ಅಡಿಕೆಯಲ್ಲಿರುವ ಅರೆಕೊಲಿನ್ ಮುಂತಾದ ಆಲ್ಕಲಾಯ್ಡುಗಳೆಂಬ ರಾಸಾಯನಿಕಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದೆಂಬ ಕಾರಣ ಕೊಟ್ಟು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 2025ರಲ್ಲಿ ಹಾಳೆ ತಟ್ಟೆಗಳನ್ನು ಮಾರಬಾರದು, ಬಳಸಬಾರದು ಎಂದು ಸೂಚಿಸಿದೆ. ತೋಟದ ಹಾಳೆಯ ಮೇಲೆ ಉಂಡು ಬೆಳೆದ ನಮಗೆ ಇದು ಸುಲಭವಾಗಿ ಗಂಟಲಲ್ಲಿ ಇಳಿಯುವ ಮಾತಲ್ಲ. ತೋಟದವರ ಹೊಟ್ಟೆಪಾಡಿನ ಪ್ರಶ್ನೆಯೂ ಅದರಲ್ಲಿದೆ. ಆದರೂ ಒದ್ದೆ ಬಿಸಿಯಲ್ಲಿ ಬೇಯಿಸುವ ಕೆಲಸಕ್ಕೆ ಹಾಳೆಯನ್ನು ಬಳಸದಿರುವುದೇ ಲೇಸೆಂದು ನನ್ನ ಅಭಿಪ್ರಾಯ, ಅದರಲ್ಲಿಯೂ ಅಪ್ಪಯ್ಯ ದಿನವೂ ತಿನ್ನುವ ತರಕಾರಿಗೆ.

ಈಗ ಬೇಯಿಸುವ ಕ್ರಮ. ಹೋಳುಗಳು ಒಂದೇ ಗಾತ್ರದವಾಗಿರಲಿ. ಅಲೆ ಆಹಾರದೊಳಗೆ ಎರಡು ಮೂರು ಸೆಂಟಿಮೀಟರಿನಷ್ಟು ಮಾತ್ರ ಬಲವಾಗಿ ಇಳಿಯುವುದರಿಂದ ಅದು ಒಳಗಿನಿಂದ ಹೊರಕ್ಕೆ ಬೇಯಿಸುತ್ತದೆ ಎಂಬ ನಂಬಿಕೆ ಸರಿಯಲ್ಲ. ದಪ್ಪ ಹೋಳಿನ ನಡುಭಾಗಕ್ಕೆ ಬಿಸಿ ನಿಧಾನವಾಗಿ ಹರಿದುಹೋಗಬೇಕು. ಬಟ್ಟಲಿನ ಅಂಚಿನವು ಬೇಗ ಬೇಯುತ್ತವೆ, ನಡುವಿನವು ತಡವಾಗುತ್ತವೆ. ಆದ್ದರಿಂದ ಗಟ್ಟಿಯಾದ ಹೋಳುಗಳನ್ನು ಸುತ್ತಲೂ ಎಳೆಯವನ್ನು ನಡುವೆಯೂ ಇಟ್ಟು, ಅರ್ಧ ಹೊತ್ತಾದ ಮೇಲೆ ಒಮ್ಮೆ ಕೈಯಾಡಿಸಿರಿ. ಉಪ್ಪನ್ನು ಮೊದಲೇ ಉದುರಿಸಿದರೆ ಹೋಳಿನ ಮೇಲ್ಭಾಗ ಅಲ್ಲಲ್ಲಿ ಒಣಗಿ ಚಕ್ಕಳವಾಗುತ್ತದೆ, ಬೆಂದ ಮೇಲೆ ಹಾಕಿ. 800 ವ್ಯಾಟಿನ ಒಲೆಯಲ್ಲಿ ಕಾಲು ಕಿಲೋ ಬೀನ್ಸಿಗೆ ಅಥವಾ ಕ್ಯಾರೆಟ್ಟಿಗೆ ಐದು ನಿಮಿಷ, ಸಿಹಿಗುಂಬಳಕ್ಕೂ ಸುಮಾರು ಅಷ್ಟೇ, ತೊಂಡೆಕಾಯಿಗೆ ಆರೇಳು ನಿಮಿಷ ಹಿಡಿಯುತ್ತದೆ. ಹರಿವೆ ಸೊಪ್ಪಿಗೆ ಬೇರೆ ನೀರೇ ಬೇಡ. ತೊಳೆದಾಗ ಅಂಟಿಕೊಂಡ ನೀರಿನಲ್ಲಿಯೇ ಎರಡು ನಿಮಿಷದಲ್ಲಿ ಬಾಡಿ ಬೇಯುತ್ತದೆ. ಇಡೀ ಗೆಣಸನ್ನು ಇಡುವುದಾದರೆ ಸಿಪ್ಪೆಗೆ ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಇಲ್ಲವಾದರೆ ಒಳಗಿನ ಹಬೆಗೆ ಅದು ಸಿಡಿಯುತ್ತದೆ. ಒಲೆ ನಿಂತ ಮೇಲೂ ಎರಡು ನಿಮಿಷ ಮುಚ್ಚಿಯೇ ಬಿಡಬೇಕು, ಉಳಿದ ಬೇಯುವಿಕೆ ಆಗಲೇ ಪೂರ್ತಿಯಾಗುವುದು. ತಟ್ಟೆಯನ್ನು ತೆಗೆಯುವಾಗ ನಿಮ್ಮ ಕಡೆಯ ಅಂಚನ್ನು ಎತ್ತಬೇಡಿ ಆಯಿ, ಆಚೆ ಬದಿಯನ್ನು ಎತ್ತಿ ಹಬೆಯನ್ನು ಅತ್ತ ಬಿಟ್ಟು ಆಮೇಲೆ ತೆಗೆಯಿರಿ. ಈ ಹಬೆ ಕೈಸುಡುವುದರಲ್ಲಿ ಇಡ್ಲಿ ಪಾತ್ರೆಯದ್ದಕ್ಕಿಂತ ಏನೂ ಕಡಿಮೆಯಿಲ್ಲ.

ಎಣ್ಣೆ ತಿನ್ನುವವರಿಗಾದರೆ, ಹೀಗೆ ಬೆಂದ ಬೀನ್ಸಿಗೆ ಗ್ಯಾಸಿನ ಮೇಲೆ ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, ಕಾಯಿತುರಿ ಬೆರೆಸಿದರೆ ಪಲ್ಯ ಆಯಿತು. ಒಗ್ಗರಣೆಯನ್ನು ಮೈಕ್ರೋವೇವಿನಲ್ಲಿ ಮಾಡಲು ಹೋಗಬೇಡಿ. ಬೆಂದ ಸಿಹಿಗುಂಬಳಕ್ಕೆ ಕಾಯಿ, ಸಾಸಿವೆ ಅರೆದು ಮೊಸರು ಸೇರಿಸಿದರೆ ಹಶಿಗೂ ಆಗುತ್ತದೆ.

ಕೆಲವಕ್ಕೆ ಇದು ಒಗ್ಗದು. ಕೆಸುವಿನ ಎಲೆಯನ್ನೂ ಸುವರ್ಣಗೆಡ್ಡೆಯನ್ನೂ ಇದರಲ್ಲಿ ಬೇಯಿಸಬೇಡಿ. ಅವುಗಳಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ ಗಂಟಲು ತುರಿಸದಿರಬೇಕಾದರೆ ಹುಳಿ ಹಿಂಡಿ ಬಹಳ ಹೊತ್ತು ಚೆನ್ನಾಗಿ ಬೇಯಿಸಬೇಕು, ಐದು ನಿಮಿಷದ ಹಬೆಗೆ ಅದು ಸಾಧ್ಯವಾಗದು. ಪತ್ರೊಡೆ ಇಡ್ಲಿ ಪಾತ್ರೆಯಲ್ಲಿಯೇ ಆಗಲಿ. ನೆನೆಸಿದ ಕಾಳುಗಳಿಗೂ ಕುಕ್ಕರೇ ಸರಿ.

ಇದು ನಿಜವಾಗಿಯೂ ಪರಿಸರಕ್ಕೆ ಒಳ್ಳೆಯದೇ ಎಂದು ಅಪ್ಪಯ್ಯ ಕೇಳಿದ್ದೀರಿ. ಆ ಪ್ರಶ್ನೆಗೆ ಇಲ್ಲಿನ ಉತ್ತರ ಬೇರೆ, ನಮ್ಮ ಮನೆಯ ಉತ್ತರ ಬೇರೆ. 800 ವ್ಯಾಟ್ ಎಂದು ಬರೆದಿರುವುದು ಆಹಾರಕ್ಕೆ ತಲುಪುವ ಶಕ್ತಿ. ಗೋಡೆಯಿಂದ ಅದು ಸುಮಾರು 1,200 ವ್ಯಾಟ್ ಎಳೆಯುತ್ತದೆ. ಐದು ನಿಮಿಷಕ್ಕೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ ಖರ್ಚಾಯಿತು. ನನ್ನ ಬಾಡಿಗೆ ಮನೆಯಲ್ಲಿರುವ ಗಾಜಿನ ಮೈಯ ವಿದ್ಯುತ್ ಒಲೆ ತಾನು ಕಾಯುವುದಕ್ಕೂ ಪಾತ್ರೆಯ ನೀರು ಕಾಯಿಸುವುದಕ್ಕೂ ಇದಕ್ಕಿಂತ ಹೆಚ್ಚು ತಿನ್ನುತ್ತದೆ. ಹಾಗಾಗಿ ಒಬ್ಬಿಬ್ಬರ ಅಡುಗೆಗೆ ಇಲ್ಲಿ ಮೈಕ್ರೋವೇವೇ ಲಾಭ. ನಮ್ಮಲ್ಲಿ ಕೊಟ್ಟಿಗೆಯ ಸಗಣಿಯಿಂದ ಉರಿಯುವ ಗೋಬರ್ ಗ್ಯಾಸ್ ಇದೆ. ಅದು ಇರುವಾಗ ಎಲ್ಲರ ಹುಳಿಗೆ ಬೇಕಾದ ತರಕಾರಿಯನ್ನು ಮೈಕ್ರೋವೇವಿನಲ್ಲಿ ಬೇಯಿಸುವುದರಲ್ಲಿ ಅರ್ಥವಿಲ್ಲ. ಇದರ ಶಕ್ತಿ ಇಂತಿಷ್ಟೇ ಎಂದು ಗೊತ್ತಾಗಿರುವುದರಿಂದ ತರಕಾರಿ ಇಮ್ಮಡಿಯಾದರೆ ಹೊತ್ತೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೊನೆಕೊಯ್ಲಿನ ದಿನಗಳಲ್ಲಿ ಆಳುಕಾಳುಗಳಿಗೆಲ್ಲ ಅಡುಗೆ ಮಾಡುವಾಗ ಇದನ್ನು ನೆಚ್ಚಿ ಕೂತರೆ ಊಟಕ್ಕೆ ಸಂಜೆಯಾದೀತು. ಅಪ್ಪಯ್ಯನ ಒಂದು ಬಟ್ಟಲಿಗೆ, ಗೋಬರ್ ಗ್ಯಾಸ್ ಮಂದವಾಗುವ ಮಳೆಗಾಲದ ಚಳಿಯ ದಿನಗಳಿಗೆ, ಇದು ಸರಿಯಾದ ಸಾಧನ.

ಬಳಸಿದ ಮೇಲೆ ಗೋಡೆಯ ಸ್ವಿಚ್ ಆರಿಸಿರಿ. ಮುಂದೆ ಮಿನುಗುವ ಗಡಿಯಾರ ಎರಡು ಮೂರು ವ್ಯಾಟ್ ಮಾತ್ರ ಬಳಸಿದರೂ ಹಗಲೂ ರಾತ್ರಿ ಸೇರಿ ತಿಂಗಳಿಗೆ ಎರಡು ಯೂನಿಟ್ಟಿನ ಹತ್ತಿರ ಬರುತ್ತದೆ. ಅಷ್ಟರಲ್ಲಿ ಇಪ್ಪತ್ತು ಸಲ ತರಕಾರಿ ಬೇಯಿಸಬಹುದಿತ್ತು. ಸಿಡಿಲಿನ ಕಾಲದಲ್ಲಿ ಪ್ಲಗ್ಗನ್ನೇ ಕೀಳುವುದು ಒಳ್ಳೆಯದು. ಸಂಜೆ ವೋಲ್ಟೇಜ್ ಕುಸಿದಾಗ ಒಲೆಯ ಕಸುವೂ ತಗ್ಗುವುದರಿಂದ ಒಂದು ನಿಮಿಷ ಹೆಚ್ಚಿಗೆ ಹಿಡಿದೀತು.

ನಮ್ಮ ಒಲೆ ಎಷ್ಟು ವ್ಯಾಟಿನದೆಂದು ಅದರ ಹಿಂಬದಿಯ ಚೀಟಿಯಲ್ಲಿ ಬರೆದಿರುತ್ತದೆ. ಅತ್ತಿಗೆ ಅದನ್ನು ನೋಡಿ ತಿಳಿಸಿದರೆ, ನಾನು ಮೇಲೆ ಬರೆದ ನಿಮಿಷಗಳನ್ನು ಅದಕ್ಕೆ ಸರಿಯಾಗಿ ತಿದ್ದಿ, ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳುವಂತೆ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸುತ್ತೇನೆ. 700 ವ್ಯಾಟಿನದಾದರೆ ಅಲ್ಲಿಯವರೆಗೆ ಪ್ರತಿ ಐದು ನಿಮಿಷಕ್ಕೂ ಸುಮಾರು ಮುಕ್ಕಾಲು ನಿಮಿಷ ಸೇರಿಸಿಕೊಳ್ಳಿ.

ಇಂತು ನಿಮ್ಮ ಆಶೀರ್ವಾದ ಬೇಡುವ,
ಮಗಳು