ಸಮಾವೇಶದ ವೇಳಾಪಟ್ಟಿ ಬದಲಾಗಿದೆ
ಸಂಗಾತಿಗಳೇ, ಭಾನುವಾರ ಕೊಪ್ಪಳದ ಸಾಹಿತ್ಯ ಭವನದಲ್ಲಿ ನಡೆಯುವ ಸಮಾವೇಶದಲ್ಲಿ 371ಜೆ (ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ ವಿಧಿ) ನೇಮಕಾತಿ ಮತ್ತು ತುಂಗಭದ್ರಾ ಜಲಾಶಯದ ಹೂಳಿನ ಕುರಿತ ನಿರ್ಣಯಗಳನ್ನು ಸಂಜೆಯ ಬದಲು ಬೆಳಿಗ್ಗೆ 11.30ಕ್ಕೇ ಮಂಡಿಸುತ್ತೇವೆ. ಕಳೆದ ಸಲ ರಾತ್ರಿ 8ಕ್ಕೆ ಅಂಗೀಕರಿಸಿದೆವು. ಅಷ್ಟರಲ್ಲಿ ಪತ್ರಿಕೆಗಳ ಜಿಲ್ಲಾ ಪುಟದ ಕೆಲಸ ಮುಗಿದಿತ್ತು. ಮರುದಿನ ಅಚ್ಚಾದದ್ದು ದೀಪ ಬೆಳಗಿಸುವ ಚಿತ್ರ ಮಾತ್ರ, ಅದರಲ್ಲೂ ಅರ್ಧ ಮುಖಗಳು! ಭಾನುವಾರ ಸರ್ಕಾರಿ ಕಚೇರಿಗಳ ಸುದ್ದಿ ಕಡಿಮೆ. ಸೋಮವಾರದ ಪುಟದಲ್ಲಿ ನಮಗೆ ಜಾಗ ಸಿಗಬಹುದು. ಸ್ವಾಗತಕ್ಕೆ ಹತ್ತೇ ನಿಮಿಷ, ಹಾರ ತುರಾಯಿ ಬೇಡವೇ ಬೇಡ. ಯುನಿಕೋಡ್‌ನಲ್ಲಿ ಒಂದು ಪುಟದ ವರದಿ, ಎರಡು ಚಿತ್ರ, ವೇದಿಕೆಯಲ್ಲಿರುವವರ ಹೆಸರು ಎಡದಿಂದ ಕ್ರಮವಾಗಿ, ಇಷ್ಟು ಮಧ್ಯಾಹ್ನ 2ರೊಳಗೆ ವರದಿಗಾರರಿಗೆ ತಲುಪಬೇಕು. ಇಡೀ ಭಾಷಣ ಕಳುಹಿಸಬೇಡಿ, ಯಾರೂ ಓದುವುದಿಲ್ಲ. ಗಂಗಾವತಿ, ಕುಷ್ಟಗಿಯವರು 10ಕ್ಕೇ ಬನ್ನಿ. ಊಟ ನಿರ್ಣಯವಾದ ಮೇಲೆಯೇ.